ಮುಕ್ಕಾಲು ಸುತ್ತಿನ ಗ್ಯಾಲರಿ

'ಕೇಳಬೇಕಾಗಿತ್ತು, ಕೇಳಲಿಲ್ಲ' ಎಂದು ಡೈರಿಯಲ್ಲಿ ಬರೆದು ಕಾಂತಾ ಪೆನ್ನು ಕೆಳಗಿಟ್ಟಳು. ಶುಕ್ರವಾರದ ಮಧ್ಯಾಹ್ನ. ಅವ್ವ ಗಂಗಾದೇವಿ ಊಟ ಮುಗಿಸಿ ಪಡಸಾಲೆಯಲ್ಲಿ ಅಡ್ಡಾಗಿದ್ದಳು. ಬರೆದದ್ದನ್ನು ಮತ್ತೊಮ್ಮೆ ಓದಿದಾಗ ಅರ್ಧ ಮಾತು ಬರೆದು ಉಳಿದದ್ದನ್ನು ನುಂಗಿದ ಹಾಗೆ ಕಂಡಿತು. ಈ ಡೈರಿಯನ್ನು ಅವಳ ಹೊರತು ಇನ್ನಾರೂ ಓದುವುದಿಲ್ಲ. ಹಾಗಿದ್ದ ಮೇಲೆ ನಾಚಿಕೆ ಯಾರ ಮುಂದೆ? ಕೆಳಗೆ ಇನ್ನಷ್ಟು ಬರೆದಳು: 'ಒಳಗಿನ ಹಗ್ಗ ಇಪ್ಪತ್ತು ಫೂಟು, ಹೊರಗಿನ ಹಗ್ಗ ಐವತ್ತು ಫೂಟು ಎಂದು ಹಣಮಪ್ಪ ಹೇಳಿದ. ಹಗ್ಗ ಎಲ್ಲಿಂದ ಹಿಡಿದೆ ಎಂದು ನಾನು ಕೇಳಲಿಲ್ಲ. ಇಷ್ಟೂ ತಿಳಿಯದೆ ಏನು ಬಿ.ಎಸ್ಸಿ. ಮಾಡಿದಳೋ ಅಂದುಕೊಂಡಾನೆಂದು ತಲೆಯಾಡಿಸಿಬಿಟ್ಟೆ.'

ಹಗ್ಗದ ಲೆಕ್ಕ ಅವಳ ಪಾಲಿಗೆ ಬಂದದ್ದು ಹೀಗೆ. ಅಪ್ಪ ದುಂಡಪ್ಪನ ಕಟ್ಟಿಗೆ ಅಡ್ಡೆ ಬೆಳಗಾವಿಯಲ್ಲಿ ಖಾನಾಪುರದ ರಸ್ತೆಗೆ ಇತ್ತು. ಮದುವೆಗೆ ಹಂದರ, ಸಭೆಗೆ ವೇದಿಕೆ, ಕುಸ್ತಿಗೆ ಗ್ಯಾಲರಿ, ಏನು ಬೇಕೋ ಅದಕ್ಕೆ ಕಂಬ, ತೊಲೆ, ಹಗ್ಗ ಕೊಟ್ಟು ಆಳು ಕಳಿಸಿ ಕಟ್ಟಿಸುವುದು ಅವನ ಉದ್ಯೋಗ. ಮೂವತ್ತು ವರ್ಷ ಈ ಕೆಲಸವೆಲ್ಲ ಮೇಸ್ತ್ರಿ ಹಣಮಪ್ಪನ ಬಾಯಿಲೆಕ್ಕದ ಮೇಲೆಯೇ ನಡೆದಿತ್ತು. ಸಾಂಬ್ರಾದ ಕಡೆಯ ಈ ಮುದುಕ ಬೇಸಿಗೆಯಲ್ಲೂ ಹೆಗಲ ಮೇಲಿನ ಕಂಬಳಿ ಇಳಿಸದವನು, ಸಾಲೆಯ ಕಟ್ಟೆ ಹತ್ತದವನು. ಅವನು ಕಟ್ಟಿದ್ದು ಒಂದೂ ಬಿದ್ದ ನೆನಪು ಯಾರಿಗೂ ಇರಲಿಲ್ಲ. ಆದರೆ ಎಪ್ಪತ್ತೆಂಟರ ಆ ಚಳಿಗಾಲದಲ್ಲಿ, ಖಾನಾಪುರದ ದೊಡ್ಡ ಕುಸ್ತಿಗೆ ಮೊದಲ ಸಲ ಗ್ಯಾಲರಿ ಎಂದಾದಾಗ, ಪರವಾನಗಿ ಕೊಡುವ ಕಚೇರಿಯವರು ಬಾಯಿಮಾತು ನಡೆಯುವುದಿಲ್ಲ ಎಂದರು. ಗ್ಯಾಲರಿ ಎಷ್ಟು ಚದರ ಫೂಟು, ಕಂಬ ಎಷ್ಟು, ಮಂದಿ ಎಷ್ಟು, ಎಲ್ಲ ಕಾಗದದ ಮೇಲೆ ಬೇಕು. ದುಂಡಪ್ಪ ಮೀಸೆ ತಿರುವಿದ. "ನಮ್ಮನ್ಯಾಗ ಬಿ.ಎಸ್ಸಿ. ಗಣಿತ ಮಾಡಿದ ಮಗಳದಾಳ. ಹೊರಗ್ಯಾಕ ಹೋಗೂಣು?"

ಕಾಂತಾಗೆ ಅಂಥ ಲೆಕ್ಕ ಹೊಸದಲ್ಲ. ಒಂದೇ ನಡು ಇಟ್ಟುಕೊಂಡು ಕೈವಾರದಿಂದ ಎರಡು ವೃತ್ತ ಎಳೆದಳು. ಅವುಗಳ ನಡುವಿನ ಪಟ್ಟಿಯೇ ಗ್ಯಾಲರಿ. ಪೂರ್ತಿ ಸುತ್ತಲ್ಲ, ಮುಕ್ಕಾಲು ಸುತ್ತು. ಉಳಿದ ಕಾಲು ಭಾಗ ಪೈಲ್ವಾನರು ಬರುವ ದಾರಿಗೆ, ಪಂಚರ ವೇದಿಕೆಗೆ. ಐವತ್ತರ ವರ್ಗದಲ್ಲಿ ಇಪ್ಪತ್ತರ ವರ್ಗ ಕಳೆದು, ಪೈಯಿಂದ ಗುಣಿಸಿ, ಅದರಲ್ಲಿ ಮುಕ್ಕಾಲು ತೆಗೆದಳು. ನಾಲ್ಕು ಸಾವಿರದ ಒಂಬೈನೂರ ನಲವತ್ತೆಂಟು ಚದರ ಫೂಟು. ಇಪ್ಪತ್ತೈದು ಚದರ ಫೂಟಿಗೆ ಒಂದು ಕಂಬದಂತೆ ನೂರಾ ತೊಂಬತ್ತೆಂಟು ಕಂಬ. ಒಬ್ಬನಿಗೆ ಮೂರು ಚದರ ಫೂಟಿನಂತೆ ಸಾವಿರದ ಆರುನೂರ ಐವತ್ತು ಮಂದಿ. ಒಂದು ಕಂಬದ ತಲೆಯ ಮೇಲೆ ಎಂಟು ಜನ. ಲೆಕ್ಕ ಎಲ್ಲಿಯೂ ತೊಡಕಾಗದೆ ಮುಗಿದಾಗ ಅವಳಿಗೆ ಹಿತವೆನಿಸಿತ್ತು.

"ಎರಡು ಹೆಚ್ಚಿಗೀ ಇರಲಿ, ಇನ್ನೂರು ಮಾಡು. ಮಂದಿ ಜೀವದ ಕೆಲಸ" ಎಂದಿದ್ದ ದುಂಡಪ್ಪ. ಕಚೇರಿಯವರು ಕಾಗದಕ್ಕೆ ಒಪ್ಪಿಗೆಯ ಸಿಕ್ಕಾ ಹೊಡೆದರು. ಆ ಕಾಗದವನ್ನು ಅವನು ಪೀರನವಾಡಿಯ ನೆಂಟರಿಗೂ ತೋರಿಸಿ ಬಂದ. ಮಗಳಿಗೆ ಇನ್ನೂ ಲಗ್ನ ಮಾಡದೆ ಓದಿಸಿದ್ದಕ್ಕೆ ಮೂಗು ಮುರಿದವರು ಅವರೇ.

ಲೆಕ್ಕಕ್ಕೆ ಬೇಕಾದ ಎರಡು ಅಂಕಿಗಳನ್ನು ಅಡ್ಡೆಯಲ್ಲಿ ನಿಂತು ಹೇಳಿದ್ದು ಹಣಮಪ್ಪ. ಕೇಳಿಕೊಂಡದ್ದು ಕಾಂತಾ. ಕುಸ್ತಿಯ ಕಣವನ್ನು ಅವಳು ಹುಟ್ಟಿದ ಮೇಲೆ ನೋಡಿರಲಿಲ್ಲ. ಹೆಣ್ಣುಮಕ್ಕಳು ಆ ಕಡೆ ಹೋಗುವ ಪದ್ಧತಿಯೇ ಇರಲಿಲ್ಲ.

ಡೈರಿ ಮುಚ್ಚುವಷ್ಟರಲ್ಲಿ ಅಂಗಳದಲ್ಲಿ ಲಾರಿ ನಿಂತ ಸದ್ದಾಯಿತು. ಡ್ರೈವರ್ ಮೈಲಾರಲಿಂಗ ಖಾನಾಪುರದಲ್ಲಿ ಕಂಬ ಇಳಿಸಿ ಬಂದಿದ್ದ.

"ಸಾವಕಾರ್ರ, ಕಂಬ ಕಡಿಮಿ ಬೀಳತಾವಂತ್ರಿ. ಇನ್ನೊಂದು ಲೋಡ್ ಕಳಸಂತ ಹಣಮಪ್ಪ ಹೇಳ್ಯಾನ."

"ಎಷ್ಟು ಬೇಕಂತ ಅವಗ?" ದುಂಡಪ್ಪ ಕಟ್ಟೆಯ ಮೇಲಿಂದಲೇ ಕೇಳಿದ.

"ನೂರರ ಮ್ಯಾಲೆ ಅಂದಾನ್ರಿ."

ದುಂಡಪ್ಪ ದೊಡ್ಡದಾಗಿ ನಕ್ಕ. "ನೂರು! ಮುದುಕಗ ಈಗ ಕಣ್ಣು ಎರಡೆರಡು ಕಾಣಾಕ ಹತ್ಯಾವ. ಸರಕಾರ ಸಿಕ್ಕಾ ಹೊಡದೈತಿ ಇನ್ನೂರಕ್ಕ. ಅದರಾಗ ಸರಿಮಾಡಂತ ಹೇಳು. ಹಲಗಿ ಬೇಕಾದ್ರ ಅಲ್ಲೇ ಸಾ ಮಿಲ್ಲಿನ್ಯಾಗ ತಗೊಳ್ಳಲಿ."

ಚಹದ ಕಪ್ಪು ಹಿಡಿದು ಬಾಗಿಲಲ್ಲಿ ನಿಂತಿದ್ದ ಕಾಂತಾಳ ಬಾಯಿಗೆ ಮಾತು ಬಂದಿತ್ತು. ಅಷ್ಟರಲ್ಲಿ ಅಪ್ಪ ಅವಳ ಕಡೆ ತಿರುಗಿದ. ಆ ಮುಖದಲ್ಲಿದ್ದ ಅಭಿಮಾನವನ್ನು ಕಂಡು ಅವಳು, "ಚಾ ಆರತೈತಿ" ಎಂದಷ್ಟೇ ಹೇಳಿ ಒಳಗೆ ಹೋದಳು.

ಶನಿವಾರವೂ ಹಾಗೇ ಕಳೆಯಿತು. ಭಾನುವಾರ ಬೆಳಿಗ್ಗೆ ದುಂಡಪ್ಪ ಮೊದಲ ಬಸ್ಸಿಗೆ ಖಾನಾಪುರಕ್ಕೆ ಹೋದ. ಅವನು ಹೋಗಿ ತಾಸಾದ ಮೇಲೆ ಗಂಗಾದೇವಿ ಕಪಾಟಿನ ಮುಂದೆ ನಿಂತು ಹಣೆ ಬಡಿದುಕೊಂಡಳು.

"ಸಿಕ್ಕಾ ಹೊಡದ ಕಾಗದ ಇಲ್ಲೇ ಬಿಟ್ಟು ಹೋಗ್ಯಾರ ನೋಡ ನಿಮ್ಮಪ್ಪ! ಪೊಲೀಸ್ ಫೌಜದಾರ ಕೇಳಿದ್ರ ಏನು, ಮೀಸಿ ತೋರಸ್ತಾರೇನು? ರೈಲಿಗೆ ಹೋಗಿ ಕೊಟ್ಟು ಬಾರವಾ. ಕೊಟ್ಟು ಸೀದಾ ಅಲ್ಲೇ ಊರಾಗ ನಿಮ್ಮ ಚಿಗವ್ವನ ಮನಿಗೆ ಹೋಗು. ಅಲ್ಲಿ ಮಂದ್ಯಾಗ ನಿಂದರಬ್ಯಾಡ."

ರೈಲಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ದೇಸೂರಿನಲ್ಲಿ ನಿಂತಾಗ ಇನ್ನೊಂದು ಹಿಂಡು ಹತ್ತಿತು. ಎಲ್ಲರ ಬಾಯಲ್ಲೂ ಕುಸ್ತಿಯೇ. ಕಿಟಕಿಯ ಬದಿಗೆ ಮುದುಡಿ ಕೂತ ಕಾಂತಾಳ ಎದುರಿಗೆ ಇಬ್ಬರು ಗೆಳೆಯರು ಕಡಲೆ ತಿನ್ನುತ್ತಿದ್ದರು.

"ಹ್ವಾದ ವರ್ಷ ನೆಲದ ಮ್ಯಾಲೆ ಕುಂತು ಮುಂದಿನವನ ಬೋಳು ತಲಿ ನೋಡಿ ಬಂದೀವಿ. ಈ ಸಲ ಗ್ಯಾಲರಿ ಮಾಡ್ಯಾರಂತ, ಅಗದೀ ಐಷಾರಾಮ."

"ನೀ ಹತ್ತಬ್ಯಾಡ ಮಾರಾಯಾ. ನೀ ಒಬ್ಬಾವ ಹತ್ತಿದ್ರ ಮೂರು ಮಂದಿ ಹತ್ತಿದಂಗ."

"ಹತ್ತತೀನಿ, ಹತ್ತಿ ಕುಣೀತೀನಿ. ನಮ್ಮ ಪೈಲ್ವಾನ ಗೆದ್ದ ಅಂದ್ರ ಯಾವ ಮಗಾ ಕುಂತಿರ್ತಾನ?"

ಸುತ್ತಲಿನವರು ನಕ್ಕರು. ಕುಣಿಯುವುದು ಅವಳ ಲೆಕ್ಕದಲ್ಲಿ ಇರಲಿಲ್ಲ. ಅವಳ ಮಂದಿಗೆಲ್ಲ ತಲಾ ಮೂರು ಚದರ ಫೂಟು, ಎಲ್ಲರೂ ಚಕ್ಕಳಮಕ್ಕಳ ಹಾಕಿ ಗೊಂಬೆಗಳ ಹಾಗೆ ಕೂತವರು. ಅವಳು ಮಡಿಲಲ್ಲಿದ್ದ ಚೀಲವನ್ನು, ಅದರೊಳಗಿನ ಕಾಗದವನ್ನು ಒತ್ತಿ ಹಿಡಿದುಕೊಂಡಳು.

ಖಾನಾಪುರದಲ್ಲಿ ಇಳಿದು ದಾರಿ ಕೇಳುವ ಅಗತ್ಯ ಬೀಳಲಿಲ್ಲ. ಮಂದಿ ಹರಿಯುತ್ತಿದ್ದ ಕಡೆಗೆ ಅವಳೂ ಸೆರಗು ಹೊದ್ದು ನಡೆದಳು. ತಿರುವಿನಲ್ಲಿ ಮೈದಾನ ಕಾಣಿಸಿತು. ಕಾಲು ತಾನಾಗಿ ನಿಂತಿತು.

ಅವಳು ಕಾಗದದ ಮೇಲೆ ಬರೆದ ಗ್ಯಾಲರಿ ಇಷ್ಟು ದೊಡ್ಡದಿರಲಿಲ್ಲ.

ನಡುವೆ ಕೆಂಪು ಮಣ್ಣಿನ ದುಂಡು ಕಣ. ಅದರ ಅಂಚಿನಿಂದ ಸುತ್ತಲೂ ಇಪ್ಪತ್ತು ಫೂಟಿನಷ್ಟು ಬರಿಯ ನೆಲ. ಅಲ್ಲಿ ಹಲಗೆ ಬಾರಿಸುವವರು ಬೆಂಕಿಗೆ ಹಲಗೆ ಕಾಸುತ್ತಿದ್ದರು. ಆ ಬಯಲಿನ ಆಚೆಗೆ ಗ್ಯಾಲರಿ ಎದ್ದು ನಿಂತಿತ್ತು. ಅವಳ ಚಿತ್ರದಲ್ಲಿ ಈ ಬಯಲೇ ಇರಲಿಲ್ಲ. ಅಲ್ಲಿ ಒಳಗಿನ ವೃತ್ತ ಮುಗಿದಲ್ಲಿಂದಲೇ ಮಂದಿ ಕೂತಿದ್ದರು.

ಗ್ಯಾಲರಿಯ ಬೆನ್ನ ಕಡೆಯಿಂದ ಬಳಸಿ ಬಂದಾಗ ಹಲಗೆಗಳ ಕೆಳಗಿನ ಕತ್ತಲಲ್ಲಿ ಹಣಮಪ್ಪ ಸಿಕ್ಕ. ಒಂದು ಕಂಬಕ್ಕೆ ಒರಗಿ ಹಗ್ಗದ ಗಂಟು ಬಿಗಿಯುತ್ತಿದ್ದ.

"ಯವ್ವಾ, ನೀ ಯಾಕ ಬಂದಿ ಇಲ್ಲಿ? ಇದು ಹೆಣ್ಣಮಕ್ಕಳು ಬರೂ ಜಾಗಾ ಅಲ್ಲ."

ಕಾಂತಾ ತಡವರಿಸಿದಳು. "ಹಣಮಪ್ಪಜ್ಜಾ, ಇಪ್ಪತ್ತು ಫೂಟು ಅಂದ್ಯಲ್ಲ, ಆ ಹಗ್ಗ ಎಲ್ಲಿಂದ ಹಿಡದಿದ್ದಿ? ಕಣದ ನಟ್ಟನಡುವಿನಿಂದ ಅಲ್ಲೇನು?"

ಅವನು ಕೈ ಕಿವಿಗೆ ಮುಟ್ಟಿಸಿಕೊಂಡ. "ನಡುವಿನಿಂದ? ಎಂಥಾ ಮಾತು ಆಡ್ತೀ ನನ್ನವ್ವ! ಮಜ್ಜಿಗಿ, ಎಣ್ಣಿ, ಅರಿಷಿಣ ಹಾಕಿ ಹದಾ ಮಾಡಿದ ಮಣ್ಣು. ಹನುಮಂತದೇವರ ಪೂಜಿ ಆದ ಮ್ಯಾಲೆ ಅದರಾಗ ಗೂಟ ಬಡ್ಯಾಂಗಿಲ್ಲ, ಕೆಲಸದವರು ಕಾಲಿಡಾಂಗಿಲ್ಲ. ನಾವು ಮೊದಲಿಂದ ಹಗ್ಗ ಹಿಡಿಯೂದು ಕಣದ ದಂಡಿಯಿಂದನ. ಒಬ್ಬಾವ ದಂಡಿ ಹಿಡದು ನಡೀತಾನ, ಇನ್ನೊಬ್ಬಾವ ಹೊರಗ ಹಗ್ಗ ಜಗ್ಗಿ ನಡೀತಾನ. ಇದು ಸಣ್ಣ ಹುಡುಗರಿಗೂ ಗೊತ್ತೈತಿ."

"ಕಣ ಎಷ್ಟು ಅಗಲ ಐತಿ?"

"ನಲವತ್ತು. ದಂಡಿಯಿಂದ ದಂಡಿಗೆ."

ಕಾಂತಾ ಬೆರಳ ಮೇಲೆ ಲೆಕ್ಕ ಹಾಕಿದಳು. ನಡುವಿನಿಂದ ದಂಡೆಗೇ ಇಪ್ಪತ್ತು, ಅಲ್ಲಿಂದ ಹಗ್ಗದ ಇಪ್ಪತ್ತು. ಹಾಗಾದರೆ ಒಳಗಿನದು ಇಪ್ಪತ್ತಲ್ಲ, ನಲವತ್ತು. ಹೊರಗಿನದು ಐವತ್ತಲ್ಲ, ಎಪ್ಪತ್ತು. ಗ್ಯಾಲರಿಯ ಅಗಲ ಎರಡರಲ್ಲೂ ಮೂವತ್ತು ಫೂಟೇ. ಅದಕ್ಕೇ ಯಾರ ಕಣ್ಣಿಗೂ ಬೀಳಲಿಲ್ಲ. ಆದರೆ ಪಟ್ಟಿ ನಡುವಿನಿಂದ ದೂರ ಸರಿದಷ್ಟೂ ಅದರ ಸುತ್ತು ಬೆಳೆಯುತ್ತದೆ. ಎಪ್ಪತ್ತರ ವರ್ಗ, ನಲವತ್ತರ ವರ್ಗ. ಇಪ್ಪತ್ತೊಂದು ನೂರಲ್ಲ, ಮೂವತ್ಮೂರು ನೂರು. ಒಂದೂವರೆಪಟ್ಟು ಮೀರಿತು.

"ನಿನ್ನ ಲೆಕ್ಕದಾಗ ಕಂಬ ಎಷ್ಟು ಬೇಕಾಗಿತ್ತು ಅಜ್ಜಾ?"

"ನಂದೇನು ಲೆಕ್ಕ, ಕಾಲಿನ ಲೆಕ್ಕ. ಐದು ಫೂಟಿಗೊಂದು ಕಂಬ ಅಂದ್ರ ಒಳಗಿನ ಸಾಲಿಗೆ ಮೂವತ್ತೆಂಟು, ಹೊರಗಿನ ಸಾಲಿಗೆ ಅರವತ್ತಾರು. ಎರಡೂ ಕೂಡಿಸಿ ಅರ್ಧಾ ಮಾಡು, ಐವತ್ತೆರಡು. ಸಾಲು ಆರು. ಮುನ್ನೂರಾ ಹನ್ನೆರಡು." ಅವನು ಗಂಟಿನ ತುದಿಯನ್ನು ಹಲ್ಲಿನಿಂದ ಎಳೆದ. "ಇನ್ನೂರ ಬಂದಾವ. ಐದಕ್ಕ ಒಂದು ಬರೂ ಜಾಗಾದಾಗ ಎಂಟಕ್ಕ ಒಂದು ನಿಂದ್ರಸೀನಿ. ನಿಮ್ಮಪ್ಪಗ ಮೊನ್ನೆನೂ ಹೇಳಿ ಕಳಿಸಿದೆ, ಇವತ್ತು ಮುಂಜಾನೆ ಬಾಯ್ಲೆನೂ ಹೇಳಿದೆ. ಕಾಗದದಾಗ ಐತಿ ಅಂದ್ರು. ಕಾಗದದ ಮುಂದ ನಂದೇನು ನಡೀತದ?"

ಕಾಂತಾ ಮನಸ್ಸಿನಲ್ಲೇ ಗುಣಿಸಿ ಭಾಗಿಸಿದಳು. ಮೂವತ್ಮೂರು ನೂರಕ್ಕೆ ಪೈ, ಅದರ ಮುಕ್ಕಾಲು, ಇಪ್ಪತ್ತೈದಕ್ಕೆ ಒಂದು. ಮುನ್ನೂರ ಹನ್ನೊಂದು. ಸಾಲೆಯ ಕಟ್ಟೆ ಹತ್ತದ ಮುದುಕ ಹೆಜ್ಜೆ ಎಣಿಸಿ ಅದೇ ಉತ್ತರಕ್ಕೆ ಬಂದಿದ್ದ.

"ತಡೀತೈತೇನಜ್ಜಾ?"

"ಮಂದಿ ಕುಂತಿರೂತನಕಾ ತಡದೀತು. ಮೊದಲನೇ ಕುಸ್ತಿ ಹತ್ತಿತಂದ್ರ ಎಲ್ಲಾರೂ ಎದ್ದು ನಿಂದರ್ತಾರ, ಕಾಲು ಬಡೀತಾರ." ತಲೆಯ ಮೇಲೆ ಹಲಗೆಗಳ ಸಂದಿಯಿಂದ ಧೂಳು ಉದುರಿತು. ಮೊದಲ ಮಂದಿ ಹತ್ತಲು ಶುರುವಾಗಿತ್ತು.

ಅವಳು ವೇದಿಕೆಯ ಕಡೆಗೆ ನಡೆದಳು. ದುಂಡಪ್ಪ ಹೊಸ ರುಮಾಲು ಸುತ್ತಿ ಕುಸ್ತಿ ಕಮಿಟಿಯ ಮುಖ್ಯಸ್ಥ ಸಾತಪ್ಪನ ಪಕ್ಕದ ಕುರ್ಚಿಯಲ್ಲಿ ಕೂತಿದ್ದ. ಮಗಳ ಕೈಯಲ್ಲಿ ಕಾಗದ ಕಂಡು ಅವನ ಮುಖ ಅರಳಿತು.

"ಇಕೀನ ನೋಡ್ರಿ ಸಾತಪ್ಪಾರ, ನಾ ಹೇಳ್ತಿದ್ನಲ್ಲಾ! ಇಡೀ ಗ್ಯಾಲರಿ ಇಕಿ ಪೆನ್ನಿನ ತುದಿಯಿಂದ ಎದ್ದೈತಿ."

"ಹೆಣ್ಣಹುಡಿಗಿ ಕುಸ್ತಿ ಗ್ಯಾಲರಿ ಲೆಕ್ಕಾ ಮಾಡ್ಯಾಳ? ಶಾಬಾಸ್! ನಮ್ಮ ಹುಡುಗೂರು ಕಾಲೇಜಿಗೆ ಹೋಗಿ ಬರೇ ಬೂಟಿಗೆ ಪಾಲಿಶ್ ಹಚ್ಚಾಕ ಕಲತಾರ" ಎಂದ ಸಾತಪ್ಪ. ಸುತ್ತಲಿದ್ದವರು ಅವಳನ್ನು ನೋಡಿದರು. ಹಾಗೆ ಅಷ್ಟೊಂದು ಗಂಡಸರು ಅವಳನ್ನು ಯಾವತ್ತೂ ನೋಡಿರಲಿಲ್ಲ. ಅವಳ ದೃಷ್ಟಿ ನೆಲಕ್ಕೆ ಹೋಯಿತು.

"ಅಪ್ಪಾ, ಸ್ವಲ್ಪ ಈ ಕಡೆ ಬರ್ರಿ."

"ಇಲ್ಲೇ ಹೇಳವಾ, ಎಲ್ಲಾರೂ ನಮ್ಮವರ."

"ಅಲ್ರಿ... ಕಂಬ ಕಡಿಮಿ ಬಿದ್ದಾವಂತ... ಹಣಮಪ್ಪಜ್ಜ ಹೇಳ್ತಾನ."

ಆ ಕೊನೆಯ ಮಾತು ಹೊರಬಿದ್ದ ಕ್ಷಣವೇ ತಾನು ಏನು ಮಾಡಿದೆನೆಂದು ಅವಳಿಗೆ ತಿಳಿಯಿತು. ತನ್ನ ಭಾರವನ್ನು ಎತ್ತಿ ಮುದುಕನ ಹೆಗಲಿಗೆ ಹಾಕಿದ್ದಳು. ದುಂಡಪ್ಪನ ಮುಖ ಗಂಟಿಕ್ಕಿತು. ಆಳನ್ನು ಓಡಿಸಿ ಹಣಮಪ್ಪನನ್ನು ವೇದಿಕೆಯ ಮುಂದಕ್ಕೆ ಕರೆಸಿದ.

"ಏನೋ ಮುದುಕಾ, ನನಗ ಹೇಳಿದ್ದು ಸಾಲದಂತ ನನ್ನ ಮಗಳಿಗೂ ಹೆದರಸಾಕ ಹತ್ತೀಯೇನು? ಇಷ್ಟ ಮಂದಿ ಮುಂದ ನನ್ನ ಮರ್ಯಾದಿ ಕಳೀಬೇಕಂತ ಮಾಡೀ?"

"ಸಾವಕಾರ್ರ, ಮರ್ಯಾದಿ ಮಾತಲ್ರಿ..."

"ಬಾಯಿ ಮುಚ್ಚು. ನಾಳಿ ಹರ್ಯಾಗಿಂದ ಅಡ್ಡೆ ಕಡೆ ಹಾಯಬ್ಯಾಡ. ನಿನ್ನ ಕಾಲ ಮುಗೀತು."

ಹಣಮಪ್ಪ ಕಾಂತಾಳ ಕಡೆ ನೋಡಿದ. ಸಿಟ್ಟಿನ ನೋಟವಲ್ಲ, ಏನಾದರೂ ಹೇಳುತ್ತಾಳೇನೋ ಎಂದು ಕಾಯ್ದಂತಿತ್ತು. ಅವಳು ಕೈಯಲ್ಲಿದ್ದ ಕಾಗದವನ್ನು ಮತ್ತೊಂದು ಮಡಿಕೆ ಮಡಚಿದಳು. ಅವನು ಕಂಬಳಿ ಸರಿಮಾಡಿಕೊಂಡ. "ಆತ್ರಿ. ಇವತ್ತಿನ ದಿನಾ ಕೆಳಗ ಇರ್ತೀನಿ. ಗಂಟು ಸಡಲಿದ್ರ ಬಿಗಿಯಾಕ ಯಾರರೆ ಬೇಕಲ್ಲ" ಎಂದು ಹೇಳಿ ಹೋದ.

ಅವನು ಬಗ್ಗಿ ಗ್ಯಾಲರಿಯ ಕೆಳಗೆ ನುಸುಳುವುದನ್ನು ಅವಳು ಕಂಡಳು.

ಮಂದಿ ತುಂಬುತ್ತಲೇ ಇದ್ದರು. ಬಾಗಿಲಲ್ಲಿ ಎಣಿಸುತ್ತಿದ್ದ ಕರೆಪ್ಪ ಓಡಿ ಬಂದು, "ಹದಿನಾರುನೂರಾ ಐವತ್ತು ಮುಗೀತ್ರಿ, ಹೊರಗ ಇನ್ನೂ ಸಾವಿರ ಮಂದಿ ಅದಾರ" ಎಂದ. ಸಾತಪ್ಪ ಗ್ಯಾಲರಿಯ ಕಡೆ ಕೈ ಬೀಸಿ ತೋರಿಸಿದ. "ಅರ್ಧಾ ಖಾಲಿ ಕಾಣತೈತಲ್ಲೋ! ಹತ್ತಸು, ಹತ್ತಸು. ಬಿಸಲಾಗ ಯಾಕ ನಿಂದರಸ್ತೀ?" ದುಂಡಪ್ಪ ಒಂದು ಗಳಿಗೆ ಹುಬ್ಬು ಮೇಲೆತ್ತಿ ಆ ಖಾಲಿ ಜಾಗವನ್ನು ನೋಡಿದ. ಕಾಗದದಲ್ಲಿ ಇಲ್ಲದ ಜಾಗ ಎಲ್ಲಿಂದ ಬಂತೆಂದು ಅವನಿಗೂ ಅನ್ನಿಸಿರಬೇಕು. ಆಮೇಲೆ ಯಾರೋ ಎಲೆ ಅಡಿಕೆ ಮುಂದೆ ಹಿಡಿದರು. ಅವನು ಆ ಕಡೆ ತಿರುಗಿದ.

ಎರಡು ಸಾವಿರ. ಎರಡು ಸಾವಿರದ ಇನ್ನೂರು. ಒಂದು ಕಂಬಕ್ಕೆ ಎಂಟಿದ್ದದ್ದು ಹತ್ತಾಯಿತು, ಹನ್ನೊಂದಾಯಿತು. ಪೂರ್ತಿ ತುಂಬಿದರೆ ಹದಿಮೂರು. ಕಾಂತಾ ವೇದಿಕೆಯ ಬದಿಗೆ, ಯಾರೂ ಕೂರು ಎನ್ನದ ಜಾಗದಲ್ಲಿ ನಿಂತೇ ಇದ್ದಳು. ಮೇಲಿನ ಸಾಲಿನಲ್ಲಿ ರೈಲಿನ ಆ ದಪ್ಪನೆಯವನು ಗೆಳೆಯನ ಹೆಗಲ ಮೇಲೆ ಕೈ ಹಾಕಿ ಕೂತಿದ್ದ. ಅಪ್ಪಂದಿರ ತೊಡೆಯ ಮೇಲೆ ಕೂತ ಮಕ್ಕಳು ಅಲ್ಲಲ್ಲಿ ಕಂಡರು. ಅವರನ್ನು ಬಾಗಿಲಲ್ಲಿ ಯಾರೂ ಎಣಿಸಿರಲಿಲ್ಲ. ಒಳಗಿನ ಸಾಲಿನ ಕೆಳಗಿದ್ದ ಉದ್ದ ತೊಲೆ ಎರಡು ಕಂಬಗಳ ನಡುವೆ ಜೋಲು ಬಿದ್ದಿತ್ತು. ಬರುವಾಗ ಅದು ನೆಟ್ಟಗಿತ್ತೇ? ನೆಟ್ಟಗಿತ್ತು. ಅವಳು ಬರುವಾಗ ಅದನ್ನೇ ದಾಟಿ ಬಂದಿದ್ದಳು.

ಎಲ್ಲೋ ಒಂದು ಕಡೆ ಕಟ್ಟಿಗೆ ಕಿರ್ ಎಂದಿತು. ಹತ್ತಿರ ಕೂತವರು ಓಹೋ ಎಂದು ನಕ್ಕರು. ಯಾರೋ, "ಸಾವಕಾಶ ಕುಂದರ್ರೋ, ಗ್ಯಾಲರಿ ಬಾಣಂತಿಯಾಗೈತಿ" ಎಂದ. ಇನ್ನೂ ಜೋರು ನಗು.

ಹಲಗೆಯ ಬಡಿತ ಶುರುವಾಯಿತು. ಮೊದಲ ಜೋಡಿಯ ಪೈಲ್ವಾನರು ಕಣದ ಮಣ್ಣು ಮುಟ್ಟಿ ಹಣೆಗೆ ಹಚ್ಚಿಕೊಂಡರು. ಅವರು ಕೈಗೆ ಕೈ ಕೂಡಿಸಿದರೆ ಮುಗಿಯಿತು, ಎರಡು ಸಾವಿರ ಜನ ಏಳುತ್ತಾರೆ. ಮೈಕಿಗೆ ಓಡಿ ಕೂಗಲೇ ಎಂದುಕೊಂಡಳು. ಬೇಡ, ಕೂಗಿದರೂ ಏಳುತ್ತಾರೆ, ಎದ್ದು ಒಂದೇ ಕಡೆ ನುಗ್ಗುತ್ತಾರೆ. ಕುಸ್ತಿ ತಡೆದು, ಮೇಲಿನ ಸಾಲಿನಿಂದ ಒಬ್ಬೊಬ್ಬರನ್ನೇ ಸಮಾಧಾನದಿಂದ ಇಳಿಸಬೇಕು. ಅಷ್ಟು ಮಾಡಿಸುವ ಮಾತು ಸಾತಪ್ಪನದು. ಸಾತಪ್ಪ ನಂಬುವುದು ಕಾಗದವನ್ನು. ಕಾಗದ ಅವಳದು.

ಹಲಗೆಗಳ ಕೆಳಗಿನ ಕತ್ತಲಲ್ಲಿ ಹಣಮಪ್ಪ ಕಾಣಿಸಿದ. ಜೋಲು ಬಿದ್ದ ತೊಲೆಯ ಕೆಳಗೆ ಬೆನ್ನು ಕೊಟ್ಟು, ಎರಡೂ ಅಂಗೈ ಮೊಣಕಾಲ ಮೇಲೆ ಊರಿ ನಿಂತಿದ್ದ, ತಾನೇ ಒಂದು ಕಂಬ ಎಂಬಂತೆ.

ಕಾಂತಾ ವೇದಿಕೆಯ ಮೆಟ್ಟಿಲು ಹತ್ತಿದಳು. ಸೆರಗು ಜಾರಿದ್ದು ಅವಳಿಗೆ ತಿಳಿಯಲಿಲ್ಲ. ಕುರ್ಚಿಗಳ ಮುಂದೆ ಬಂದು ನಿಂತಾಗ ದುಂಡಪ್ಪ, "ಇನ್ನೂ ಹೋಗಿಲ್ಲೇನು ನೀ? ಚಿಗವ್ವ ಹಾದಿ ನೋಡ್ತಾಳ" ಎಂದ. ಸಾತಪ್ಪ ಕುಸ್ತಿ ಶುರು ಮಾಡಿಸಲು ಕೈಯಲ್ಲಿನ ಹಸಿರು ವಸ್ತ್ರ ಎತ್ತಿದ್ದ. ಕಾಂತಾ ಆ ಕೈಯ ಮಣಿಕಟ್ಟು ಹಿಡಿದುಕೊಂಡಳು. ಪರಪುರುಷನ ಕೈ ಹಿಡಿದ ಮಗಳನ್ನು ಕಂಡು ದುಂಡಪ್ಪ ಕುರ್ಚಿಯಿಂದ ಎದ್ದುಬಿಟ್ಟ.

"ಕುಸ್ತಿ ಚಾಲೂ ಮಾಡಬ್ಯಾಡ್ರಿ" ಎಂದಳು. ಹಲಗೆಯವನೊಬ್ಬ ಬಡಿಯುವುದನ್ನು ನಿಲ್ಲಿಸಿ ತಿರುಗಿ ನೋಡಿದ. ಅವಳು ಸಾತಪ್ಪನನ್ನು ಬಿಟ್ಟು ಅಪ್ಪನ ಮುಖವನ್ನೇ ನೋಡುತ್ತ ಹೇಳಿದಳು:

"ಹಣಮಪ್ಪಜ್ಜಂದು ಬರೋಬ್ಬರಿ ಐತಿ, ಅಪ್ಪಾ. ಲೆಕ್ಕಾ ತಪ್ಪಿದಾಕಿ ನಾ."